ಬಾಲ ಬಿಟ್ಟ ಕೈ

ದಾವಣಗೆರೆಯ ಅತ್ತರಿನ ಅಂಗಡಿಯಲ್ಲಿ ಇವತ್ತು ಪುನುಗಿನ ಸೀಸೆ ತೆರೆದರು. ಆ ಘಾಟು ಮೂಗಿಗೆ ತಾಕುತ್ತಲೇ ನಾನು ಹರಿಹರದಲ್ಲಿ, ದೊಡ್ಡಪ್ಪನ ಹಿತ್ತಲಲ್ಲಿದ್ದೆ.

ದೊಡ್ಡಪ್ಪ ಹೊಳೆದಂಡೆಯ ಪೊದೆಗಳಲ್ಲಿ ಬೋನಿಟ್ಟು ಪುನುಗಿನ ಬೆಕ್ಕು ಹಿಡಿಯುತ್ತಿದ್ದರು. ಬಾಲದ ಕೆಳಗಿನ ಚೀಲದಲ್ಲಿ ಊರುವ ಬೆಣ್ಣೆಯಂಥ ಪುನುಗನ್ನು ಬಿದಿರಿನ ಚಕ್ಕೆಯಿಂದ ಕೆರೆದು ಮಾರುತ್ತಿದ್ದರು. ಸಿಟ್ಟು ಬಂದಷ್ಟೂ ಹೆಚ್ಚು ಊರುತ್ತದೆಂದು ಮೊದಲು ಕೋಲಿನಿಂದ ತಿವಿಯುತ್ತಿದ್ದರು.

ಅಂದು ಅತ್ತರಿನ ವ್ಯಾಪಾರಿ ಬೋನಿನ ಎದುರಿಗೇ ಕೂತಿದ್ದ. "ಅಸಲಿ ಮಾಲು ಬೇಕ್ರಿ, ಬಾಳೆಹಣ್ಣು ಕಲಸಿದ್ದು ಬ್ಯಾಡ" ಎಂದು ನಕ್ಕ.

"ನಿಮ್ಮ ಕಣ್ಮುಂದೇ ತೆಗಿತೀನಿ, ಕೂಡ್ರಿ" ಎಂದು ರೇಗಿದ ದೊಡ್ಡಪ್ಪ, ಬೆಕ್ಕಿನ ಮೂತಿಯಲ್ಲಿ ರಕ್ತ ಬರುವವರೆಗೂ ತಿವಿದರು. ಸರಳುಗಳ ನಡುವಿನಿಂದ ಬಾಲವನ್ನು ಹೊರಗೆಳೆದು ನನ್ನ ಕೈಗೆ ಕೊಟ್ಟರು. "ಗಟ್ಟಿ ಹಿಡಿಯವ್ವ, ಬಿಟ್ಟಿ ಅಂದ್ರೆ ತಿರುಗಿ ಕಚ್ಚತೈತೆ."

ಅವರು ಕೆರೆಯತೊಡಗಿದಾಗ ಅದು ಎಳೆಗೂಸಿನಂತೆ ಕಿರುಚಿತು. ನನಗೆ ಕೇಳಲಾಗಲಿಲ್ಲ. ಬಿಟ್ಟುಬಿಟ್ಟೆ.

ಬೆಕ್ಕು ತಿರುಗಿ ದೊಡ್ಡಪ್ಪನ ಹೆಬ್ಬೆರಳನ್ನು ಮೂಳೆ ಕಾಣುವಂತೆ ಸೀಳಿತು. ಅವರು ಬೋನು ತೆರೆದು, ಕತ್ತು ಹಿಡಿದೆಳೆದು, ಒಗೆಯುವ ಕಲ್ಲಿಗೆ ಅದನ್ನು ಬಡಿದರು. ಕಿರುಚಾಟ ನಿಂತ ಮೇಲೂ ಬಡಿದರು.

"ಬಿಸಿ ಇದ್ದಾಗ್ಲೇ ಚೀಲ ಕೊಯ್ರಿ, ಅದನ್ನೂ ತಗಂತೀನಿ" ಎಂದ ವ್ಯಾಪಾರಿ.

ದೊಡ್ಡಪ್ಪ ಬೆರಳನ್ನು ಪಂಚೆಗೆ ಒತ್ತಿಕೊಂಡು ನನ್ನ ಕಡೆ ನೋಡಿದರು. "ಜಾರಿ ಹೋತೇನವ್ವ?" ದನಿ ಮೆತ್ತಗಿತ್ತು. ನಾನು ಹೂಂ ಎಂದೆ. ಅವರು ತೀರಿಕೊಳ್ಳುವವರೆಗೂ ಆ ಹೂಂ ಅನ್ನು ನಂಬಿದ್ದರು.

"ಹಚ್ಚಿ ನೋಡ್ರಿ ಮೇಡಂ, ಕೈ ಕೊಡ್ರಿ" ಎಂದರು ಅಂಗಡಿಯವರು. ನಾನು ಕೊಡಲಿಲ್ಲ.