ವಿದೇಶಾಂಗ ನೀತಿಗೆ ನನ್ನದೇ ವಂದನಾರ್ಪಣೆ

ಕೇಳಿ ಮಾರಾಯ್ರೇ, ಬರುವ ಭಾನುವಾರ ಕಡಿಯಾಳಿಯಲ್ಲಿ ಇರಾನ್-ಇರಾಕ್ ಯುದ್ಧ ಮತ್ತು ನಮ್ಮ ವಿದೇಶಾಂಗ ನೀತಿಯ ಬಗ್ಗೆ ಸಾರ್ವಜನಿಕ ಚರ್ಚೆ ಉಂಟು. ಅದನ್ನು ನಡೆಸುವ ಸಂಘದ ಕಾರ್ಯದರ್ಶಿ ಭಟ್ರು ಇವತ್ತು ಬೆಳಿಗ್ಗೆ ಕಾಪುವಿನ ನಮ್ಮ ಮನೆಗೇ ಬಂದರು. "ಪ್ರಾರ್ಥನೆ ಹಾಡಲಿಕ್ಕೆ ನೀವೇ ಆಗಬೇಕು, ಸುಮತಿಯಕ್ಕ."

"ಹಾಡುವುದಿಲ್ಲ, ಮಾತಾಡ್ತೇನೆ," ಅಂದೆ. "ನನ್ನ ತಮ್ಮ ಇರಾಕಿನ ಬಸ್ರಾದಲ್ಲಿದ್ದಾನೆ. ಯುದ್ಧ ಶುರುವಾದ ಮೇಲೆ ಸುದ್ದಿಯೇ ಇಲ್ಲ. ಅಲ್ಲಿ ಸಿಕ್ಕಿಬಿದ್ದವರನ್ನು ಕರೆತರುವುದು ಯಾರು ಅಂತ ಕೇಳಬೇಕು."

ಭಟ್ರು ಚಾ ಲೋಟ ಕೆಳಗಿಟ್ಟರು. "ಅದು ನಿಮ್ಮ ಮನೆ ವಿಷಯ ಅಲ್ವಾ? ಇದು ಅಂತರರಾಷ್ಟ್ರೀಯ ಚರ್ಚೆ. ಮಣಿಪಾಲದಿಂದ ಪ್ರೊಫೆಸರರು ಬರ್ತಾರೆ."

"ಬಸ್ರಾ ಎಂತ, ನಮ್ಮ ಪಡುಬಿದ್ರಿಯ ಪಕ್ಕದಲ್ಲಿ ಉಂಟಾ?"

ಕೊನೆಗೆ, ಬೇಕಾದರೆ ವಂದನಾರ್ಪಣೆ ಮಾಡಿ ಎಂದರು. ಹೆಂಗಸರಿಗೆ ಕೊಡುವುದು ಒಂದೋ ಪ್ರಾರ್ಥನೆ, ಇಲ್ಲದಿದ್ದರೆ ಅದು. ತಕ್ಷಣ ಒಪ್ಪಿಕೊಂಡೆ. ಭಾಷಣ ಉದ್ದವಾದರೆ ನಿಲ್ಲಿಸಿ ಅಂತ ಚೀಟಿ ಕಳಿಸ್ತಾರೆ. ವಂದನಾರ್ಪಣೆಯನ್ನು ಇದುವರೆಗೆ ಯಾರೂ ನಿಲ್ಲಿಸಿದ್ದಿಲ್ಲ. ಪ್ರೊಫೆಸರರಿಗೆ ವಂದಿಸುತ್ತಲೇ ನನ್ನ ಪ್ರಶ್ನೆ ಕೇಳುತ್ತೇನೆ. ಉತ್ತರ ಸಿಗುವ ತನಕ ಮೈಕ್ ಬಿಡುವುದಿಲ್ಲ.

ನೀವೆಲ್ಲ ಬನ್ನಿ. ಚಾದ ಜೊತೆ ತಿನ್ನಲಿಕ್ಕೆ ಬಿಸಿ ಗೋಳಿಬಜೆ ಉಂಟಂತೆ. ಆದರೆ ವಂದನಾರ್ಪಣೆ ಮುಗಿಯದೆ ಅದನ್ನು ಹಂಚುವ ಕ್ರಮ ಇಲ್ಲ.