ಮೈಬುಸಾಬರು ತೆರೆದ ಕಣ್ಣುಗಳು

ಮಸ್ಕಿಯ ಪೇಂಟರ್ ಮೈಬುಸಾಬರು ಎದುರಿಗಿದ್ದವರ ಕಣ್ಣು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಚಹಾದಂಗಡಿಯಲ್ಲಿ ಅವರು ಬಂದು ಕೂತರೆ ಕೆಲವರು ಬೆನ್ನು ತಿರುಗಿಸಿಬಿಡುತ್ತಿದ್ದರು. "ಅಳತಿ ತಗೊಳ್ಳಾಕತ್ಯಾನ ನೋಡಲೇ" ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ತಮಾಷೆಯ ಮಾತೇ. ಆದರೆ ಆ ಮಾತು ಆಡಿದವನೂ ಆಮೇಲೆ ಅವರತ್ತ ಮುಖ ಮಾಡುತ್ತಿರಲಿಲ್ಲ.

ಅವರ ಕಸಬು ಸತ್ತವರ ಕಣ್ಣು ತೆರೆಯುವುದು. ನಮ್ಮ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಜೀವಮಾನದಲ್ಲಿ ಫೋಟೋ ತೆಗೆಸದವರದೂ ಆಗ ಒಂದು ಫೋಟೋ ತೆಗೆಸುತ್ತೇವೆ. ಅದು ದೊಡ್ಡ ಪ್ರಿಂಟಾಗಿ ಮೈಬುಸಾಬರ ಕೈಗೆ ಬರುತ್ತಿತ್ತು. ಮುಚ್ಚಿದ ರೆಪ್ಪೆಗಳ ಮೇಲೆ ಅವರು ಸಣ್ಣ ಬ್ರಷ್ಷಿನಿಂದ ಕಣ್ಣು ಬರೆಯುತ್ತಿದ್ದರು. ವಾರದ ಹಿಂದೆ ಮಣ್ಣಿಗೆ ಹೋದವರು ಕುರ್ಚಿಯಲ್ಲಿ ನೆಟ್ಟಗೆ ಕೂತು ನಿಮ್ಮನ್ನೇ ನೋಡುತ್ತಿದ್ದರು. ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಎಷ್ಟು ಪಡಸಾಲೆಗಳಲ್ಲಿ ಆ ಕಣ್ಣುಗಳ ಎದುರು ನಾನು ಚಹಾ ಕುಡಿದಿದ್ದೇನೋ ಲೆಕ್ಕವಿಲ್ಲ. ಯಾವ ಮೂಲೆಗೆ ಸರಿದು ಕೂತರೂ ಅವು ಅಲ್ಲಿಗೇ ಬರುತ್ತಿದ್ದವು.

ಸಾಬರ ಮನೆಯ ಗೋಡೆಯ ಮೇಲೆ ಮಾತ್ರ ಒಂದು ಚಿತ್ರವೂ ಇರಲಿಲ್ಲ. "ನಮ್ಮಲ್ಲಿ ಹಾಕೂದಿಲ್ರಿ. ಛಲೋನ ಆತು, ಮನ್ಯಾಗರ ಯಾರೂ ನನ್ನ ನೋಡೂದಿಲ್ಲ" ಎನ್ನುತ್ತಿದ್ದರು.

ಅವರದೊಂದು ಕರಾರಿತ್ತು. ಸತ್ತವರ ಚಾಳೀಸು, ಅಂದರೆ ಕನ್ನಡಕ, ತಂದುಕೊಟ್ಟ ಹೊರತು ಬ್ರಷ್ಷು ಮುಟ್ಟುತ್ತಿರಲಿಲ್ಲ. "ನಿಮ್ಮವರ ಕಣ್ಣ ನಾ ತೆರೀತೀನಿ, ನೀವು ಇನ್ನೊಬ್ಬರ ಕಣ್ಣ ತೆರೀರಿ." ಅವೆಲ್ಲ ಒಂದು ತಗಡಿನ ಡಬ್ಬಿಗೆ ಸೇರುತ್ತಿದ್ದವು. ಸಂತೆಯ ದಿನ ಮುದುಕರು ಬಂದು ಒಂದೊಂದನ್ನೇ ಮೂಗಿಗೇರಿಸಿ, ಅಕ್ಷರ ನಿಚ್ಚಳವಾಗುವವರೆಗೆ ಪೇಪರು ಹಿಡಿದು ನೋಡುತ್ತಿದ್ದರು. ಒಮ್ಮೆ ಮುಕ್ಕುಂದದ ಅಜ್ಜನೊಬ್ಬ ಮೊದಲ ಪುಟದ ಸುದ್ದಿಯನ್ನೆಲ್ಲ ಗಟ್ಟಿಯಾಗಿ ಓದಿ, ಖುಷಿಯಿಂದ "ಇದು ಯಾರದೋ ಸಾಬಾ?" ಎಂದ. ಸಾಬರು ಹೆಸರು ಹೇಳಿದರು. ಅಜ್ಜ ಚಾಳೀಸು ತೆಗೆದು ಕೆಳಗಿಟ್ಟ. "ಅವನ ಕೂಡ ಹತ್ತು ವರ್ಷ ಮಾತು ಬಿಟ್ಟಿದ್ನೆಪ್ಪಾ." ಸಾಬರು ಅದನ್ನು ಅವನ ಅಂಗಿಯ ಕಿಸೆಗೆ ತುರುಕಿದರು. "ತಗೊಂಡ ಹೋಗು. ಈಗರ ಇಬ್ಬರೂ ಕೂಡಿ ಪೇಪರ್ ಓದ್ರಿ."

ಮುದಗಲ್ಲಿನ ಮುದುಕಿಯೊಬ್ಬಳು ಗಂಡನ ಫೋಟೋವನ್ನು ಬಟ್ಟೆಯಲ್ಲಿ ಸುತ್ತಿ ವಾಪಸು ತಂದದ್ದನ್ನು ನಾನೇ ನೋಡಿದ್ದೇನೆ. "ನಲವತ್ತು ವರ್ಷ ನನ್ನ ಕಡೆ ಕಣ್ಣೆತ್ತಿ ನೋಡಲಿಲ್ಲ ಈ ಪುಣ್ಯಾತ್ಮ. ಈಗ ರೊಟ್ಟಿ ಬಡಿಯಾಗ, ಕಸ ಹೊಡಿಯಾಗ ಬರೇ ನನ್ನ ನೋಡ್ತಾನ. ನನಗ ಅಂಜಿಕಿ ಬರ್ತೈತಿ." ಸಾಬರು ನಗಲಿಲ್ಲ. ಅಲ್ಲೇ ಕೂತು ಕಣ್ಣಿನ ಗುಡ್ಡೆಗಳನ್ನು ಬಾಗಿಲ ಕಡೆಗೆ ಸರಿಸಿ ಕೊಟ್ಟರು.

ಇಷ್ಟೆಲ್ಲ ನೋಡಿ, ಪತ್ರಿಕೆಗೆ ಬರೆದು ಶಭಾಷ್ ಅನ್ನಿಸಿಕೊಂಡವಳು ನಾನು. ಸಿಂಧನೂರಿನಲ್ಲಿ ಕೂತು ವಾರಕ್ಕೊಂದು ಅಂಕಣ ಬರೆಯುತ್ತೇನೆ. ಹಕ್ಕಿ, ಕಾಲುವೆ, ಬಸ್‌ಸ್ಟ್ಯಾಂಡು, ಊರ ಸುದ್ದಿ, ಕಣ್ಣಿಗೆ ಬಿದ್ದದ್ದೆಲ್ಲ. ಏನೂ ನನ್ನ ಕಣ್ಣು ತಪ್ಪಿಸಲಾರದು ಎಂಬ ಜಂಬ ಬೇರೆ.

ಹೋದ ಚಳಿಗಾಲದಲ್ಲಿ ನಮ್ಮವ್ವ ಶರಣಮ್ಮ ಹೋದಳು. ಮೊಬೈಲು ಎತ್ತಿದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆಧಾರ್ ಕಾರ್ಡಿನಲ್ಲಿ ಆಕೆಯ ಮುಖವಿದ್ದ ಜಾಗದಲ್ಲಿ ಮಸಿ ಮೆತ್ತಿದ ಹಾಗಿದೆ. ಉಳಿದದ್ದು ಕುರ್ಚಿಯಲ್ಲಿ ಕೂಡಿಸಿ ತೆಗೆದ ಕೊನೆಯ ಫೋಟೋ ಒಂದೇ. ತಮ್ಮ ಅದನ್ನು ಮೊಬೈಲಿನ ಯಾವುದೋ ಆ್ಯಪಿಗೆ ಹಾಕಿ ಏನೋ ಒತ್ತಿದ. ಅವ್ವ ಕಣ್ಣು ಬಿಟ್ಟಳು, ರೆಪ್ಪೆ ಬಡಿದಳು, ನಕ್ಕಳು. ಹಲ್ಲೇ ಇಲ್ಲದ ನಮ್ಮವ್ವನ ಬಾಯಲ್ಲಿ ಬೆಳ್ಳನೆ ಹಲ್ಲಿನ ಸಾಲು. ಮೊಬೈಲು ಕಿತ್ತುಕೊಂಡು ಅದನ್ನು ಅಳಿಸಿಹಾಕಿ ಮರುದಿನವೇ ಮಸ್ಕಿಯ ಬಸ್ಸು ಹತ್ತಿದೆ. ನಮ್ಮವ್ವನ ಕಣ್ಣು ನಮ್ಮವ್ವನದೇ ಆಗಿರಬೇಕಿತ್ತು. ನನಗೆ ಬೇಕಾದದ್ದು ಅಷ್ಟೇ.

ಸಾಬರು ಅವ್ವನ ಚಾಳೀಸು ಇಸಿದುಕೊಂಡು, ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕಣ್ಣ ಹೆಂಗ ಇದ್ವುರಿ ಅಕ್ಕಾರ? ಕರೀವೋ, ಜೇನಿನ ಬಣ್ಣದ್ವೋ?"

ಅವ್ವನ ಕೈ ನೆನಪಾಯಿತು, ಕೆಮ್ಮು ನೆನಪಾಯಿತು, ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುವ ಬೆನ್ನು ನೆನಪಾಯಿತು. ಮುಖದಲ್ಲಿ ಕಣ್ಣಿದ್ದ ಜಾಗ ಮಾತ್ರ ಖಾಲಿ.

"ಯಾವ ಕಣ್ಣು ಸಣ್ಣದಿತ್ರಿ?" ಎಂದು ಕೇಳಿದರು. ನಾನು ಫೋಟೋದ ಕಡೆ ಬಗ್ಗಿದೆ. ಸಾಬರು ಮೆಲ್ಲಗೆ ಹೇಳಿದರು: "ನಿಮ್ಮದು ಪೇಪರಿನ್ಯಾಗ ತಪ್ಪದ ಓದ್ತೀನ್ರಿ. ಕಾಲುವಿ ದಂಡಿ ಬೆಳ್ಳಕ್ಕಿ ಕಣ್ಣು ಹಳದಿ ಅಂತ ಬರದಿದ್ರಿ. ನೆನಪಿಲ್ಲಂದ್ರ ನೆನಪಿಲ್ಲ ಅನ್ರಿ ಅಕ್ಕಾರ. ತಪ್ಪೇನಿಲ್ಲ."

ಆ ಬೆಳ್ಳಕ್ಕಿಯ ಮಾತು ನನಗೆ ಚುಚ್ಚಿತು. ಸಿಟ್ಟು ಬಂತು, ನಾಚಿಕೆಯೂ ಆಯಿತು. ಬರೆಯುವವರಿಗೆ ಸುಳ್ಳು ಬಾಯಿಗೆ ಬರುವುದು ತಡವಾಗುವುದಿಲ್ಲ. "ಜೇನಿನ ಬಣ್ಣ, ಬಲಗಣ್ಣು ಒಂಚೂರು ಸಣ್ಣದು, ನೋಟ ಸ್ವಲ್ಪ ಮೇಲಕ್ಕೆ" ಎಂದು ಕಣ್ಣಾರೆ ಕಂಡವಳ ಹಾಗೆ ಹೇಳಿದೆ.

"ಖರೇನಾ ಅಕ್ಕಾರ?"

"ಖರೇರಿ. ನಮ್ಮವ್ವನ ಕಣ್ಣ ನನಗ ಗೊತ್ತಿರೂದಿಲ್ಲೇನು?"

ಅವರು ತಲೆ ತಗ್ಗಿಸಿದರು. ಅಷ್ಟು ವರ್ಷಗಳಲ್ಲಿ ನನ್ನ ಕಣ್ಣಿನಿಂದ ಅವರು ನೋಟ ತೆಗೆದದ್ದು ಅದೊಂದೇ ಸಲ.

ಚಿತ್ರ ಬಂತು. ನಾನು ಹೇಳಿದ ಹಾಗೆಯೇ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತಮ್ಮ "ಥೇಟ್ ಅವ್ವನ" ಎಂದು ಅತ್ತ. ಲಿಂಗಸುಗೂರಿನಿಂದ ಬಂದ ಚಿಗವ್ವ ಮಾತ್ರ ಬಾಗಿಲಲ್ಲೇ ನಿಂತಳು. "ಸೀರಿ ನಮ್ಮಕ್ಕಂದು, ಹಾರ ನಮ್ಮಕ್ಕಂದು. ಒಳಗಿಂದ ನೋಡಾಕತ್ತಾಕಿ ಯಾರು?" ಎಂದು ಕೇಳಿದಳು. ಆಕೆ ಆ ಪಡಸಾಲೆಯಲ್ಲಿ ಊಟ ಮಾಡಲಿಲ್ಲ, ಅಡುಗೆಮನೆಯಲ್ಲಿ ಕೂತು ಉಂಡು ಹೋದಳು. ಆಮೇಲೆ ನನಗೂ ಅಲ್ಲಿ ಕೂತು ಬರೆಯುವುದು ಆಗಲಿಲ್ಲ. ಗುರುತಿಲ್ಲದ ಹೆಂಗಸೊಬ್ಬಳು ನಮ್ಮವ್ವನ ಸೀರೆಯುಟ್ಟು ನನ್ನನ್ನು ದಿನವಿಡೀ ನೋಡುತ್ತಿದ್ದಳು.

ಸುಳ್ಳು ಒಪ್ಪಿಕೊಂಡು ತಿದ್ದಿಸಿಕೊಂಡು ಬರೋಣವೆಂದು ಎರಡು ತಿಂಗಳ ಮೇಲೆ ಮತ್ತೆ ಮಸ್ಕಿಗೆ ಹೋದೆ. ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮೈಬುಸಾಬರು ಹೋಗಿ ನಾಲ್ಕು ದಿನವಾಗಿತ್ತು. ಶಾಲೆಯಲ್ಲಿ ಪಾಠ ಹೇಳುವ ಅವರ ಮಗಳು ಶಾಹೀನಾ ನನ್ನ ಹೆಸರು ಕೇಳಿ ಒಳಗೆ ಹೋಗಿ ಒಂದು ಹಳೆಯ ನೋಟ್‌ಬುಕ್ ತಂದಳು. ಪುಟಕ್ಕೊಂದು ಜೋಡಿ ಕಣ್ಣು, ಕೆಳಗೆ ಹೆಸರು. ಬದುಕಿದ್ದಾಗಲೇ ಬಂದು ಕೂತು ಬರೆಸಿಕೊಂಡು ಹೋದವರು. ನಡುವಿನ ಒಂದು ಪುಟದ ಕೆಳಗೆ 'ಸಿಂಧನೂರು ಶರಣಮ್ಮ' ಎಂದಿತ್ತು.

"ಎರಡು ವರ್ಷದ ಹಿಂದ ಒಬ್ಬಾಕೀನ ಬಸ್ಸಿಗೆ ಬಂದಿದ್ರಂತ್ರಿ ನಿಮ್ಮ ಅವ್ವಾರು" ಎಂದಳು ಶಾಹೀನಾ. "'ನನ್ನ ಕಣ್ಣ ಬರ್ಕೊಂಡ ಇಟ್ಕೋ ಸಾಬಾ. ನಾ ಹೋದ ಮ್ಯಾಲೆ ಮೊದಲ ನನ್ನ ಮಗಳನ್ನ ಕೇಳು. ಆಕಿ ಹೆಂಗ ಹೇಳ್ತಾಳ ಹಂಗ ತೆಗಿ. ಗೊತ್ತಿಲ್ಲ ಅಂದ್ರ ಅಷ್ಟ ಇದನ್ನ ನೋಡು' ಅಂದ್ರಂತ. ನಮ್ಮ ಅಬ್ಬಾ ಮಾತು ಕೊಟ್ಟಿದ್ರು. ನಿಮ್ಮ ಬಾಯಿಂದ 'ಗೊತ್ತಿಲ್ಲ' ಅನ್ನೂ ಮಾತು ಬರಲಿಲ್ಲಂತ ಕಡೀತನಕ ಕೊರಗಿದ್ರು ನೋಡ್ರಿ."

ಪುಟದಲ್ಲಿದ್ದವು ಕಡುಗಪ್ಪು ಕಣ್ಣುಗಳು. ಎಡಗಣ್ಣಿನ ಅಂಚಿಗೆ ಎಳ್ಳಿನಷ್ಟು ಬಿಳಿ ಚುಕ್ಕೆ. ನೋಟ ನೆಟ್ಟಗೆ ನನ್ನ ಮೇಲೆ. ನಾನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ, ದೂರ ಹಿಡಿದೆ, ಹತ್ತಿರ ತಂದೆ.

"ಅವರ ಕಣ್ಣ ಹೌದಲ್ಲೇನ್ರಿ?" ಶಾಹೀನಾ ಕೇಳಿದಳು.

"ಗೊತ್ತಿಲ್ಲವ್ವಾ" ಎಂದೆ.