ಸೆರಗಿನ ಕೆಳಗಿನ ಮೂರನೇ ಕೈ

ಪಂಚಾಯಿತಿ ಅಧ್ಯಕ್ಷೆಯ ಕುರ್ಚಿಗೆ ನಾನು ತೆತ್ತದ್ದು ವಾರದ ಆರು ಸಂಜೆ. ಕಾಡಂಚಿನ ನಮ್ಮೂರಿಗೆ ಕುಡಿಯುವ ನೀರಿನ ಪೈಪು ಬರಬೇಕಿತ್ತು. ಅದಕ್ಕಾಗಿ ಹನೂರು, ಕೊಳ್ಳೇಗಾಲ ಎಂದು ತಿರುಗಿದೆ. ಉಳಿದ ಏಳನೇ ಸಂಜೆಯನ್ನು ಫೋನು ತಿಂದಿತು.

ಅದಕ್ಕೆ ಮುಂಚೆ ನಾನು ಆಡು ವ್ಯಾಪಾರದವಳು. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವಲಿನ ಕೆಳಗೆ ಎದುರಿನವರ ಬೆರಳು ಹಿಡಿದು, ಎಷ್ಟು ಬೆರಳೋ ಅಷ್ಟು ಎಂದು ಹೇಳುತ್ತೇವೆ. ಗಂಡಸರ ನಡುವೆ ಒಬ್ಬಳೇ ನಿಂತು ಕಲಿತ ಆ ವಿದ್ಯೆಯನ್ನು ಮಗಳಿಗೆ ಆಟವಾಗಿ ನನ್ನ ಸೆರಗಿನಡಿ ಕಲಿಸಿದ್ದೆ. ಎರಡು ಕೋಡುಬಳೆಯೋ ಮೂರೋ ಎಂದು ಚೌಕಾಸಿ ಮಾಡಿ ನಗುತ್ತಿದ್ದೆವು.

ಒಂದು ಸಂಜೆ ಪೈಪಿನ ಮಂಜೂರಾತಿ ಹಿಡಿದು ಹೆಮ್ಮೆಯಿಂದ ಮನೆಗೆ ಬಂದೆ. ಜಗಲಿಯಲ್ಲಿ ಮೈದುನನ ಹೆಂಡತಿ ಕೂತಿದ್ದಳು. ನಾನಿಲ್ಲದಾಗ ಮಗಳ ಜಡೆ, ಹೋಂವರ್ಕು ಎಲ್ಲ ಅವಳದೇ. ತಮಿಳೂ ಮಾತಾಡುವ ಮನೆ ನಮ್ಮದು. ಚಿಕ್ಕಮ್ಮನನ್ನು ಮಗಳು ಚಿತ್ತಿ ಎನ್ನುತ್ತಾಳೆ. ಆ ಚಿತ್ತಿಯ ಸೆರಗಿನ ಕೆಳಗೆ ಎರಡು ಕೈ ಆಡುತ್ತಿದ್ದವು. ಮಗಳು ನಗುತ್ತಿದ್ದಳು. ನಾನು ಕಲಿಸಿದ ಆಟ ಅದು.

“ಏನ್ ಯಾಪಾರ?” ಎಂದೆ.

“ಶುಕ್ರವಾರ ಇಸ್ಕೂಲಲ್ಲಿ ತಾಯಿ ತಂದೆ ಮೀಟಿಂಗು,” ಎಂದಳು ಮಗಳು. “ಚಿತ್ತಿ ಬರ್ಬೇಕಾದ್ರೆ ನಾನು ಎಷ್ಟು ದಿನ ಆಡಿಗೆ ಸೊಪ್ಪು ಆಕ್ಬೇಕು ಅಂತ.”

“ನಂಗ್ಯಾಕ್ ಏಳ್ನಿಲ್ಲ?”

“ನಿಂಗಾದ್ರೆ ಅರ್ಜಿ ಬರ್ದು ಕೊಡ್ಬೇಕಲ್ಲಮ್ಮ.”

“ಸೀಲೂ ಬೇಕಾಯ್ತದೆ ಕಣಮ್ಮಿ,” ಎಂದು ಚಿತ್ತಿ ಕಿಸಕ್ಕೆಂದಳು.

ಆಗಲೇ ನಾನು ತಪ್ಪು ಮಾಡಿದ್ದು. “ನಾನೇ ಬತ್ತೀನಿ, ಸೈಕಲ್ ಕೊಡಿಸ್ತೀನಿ,” ಎನ್ನುತ್ತ ಸೆರಗಿನೊಳಗೆ ಕೈ ತೂರಿಸಿದೆ. ಮಗಳು ಕೈ ಹಿಂದಕ್ಕೆ ಎಳೆದುಕೊಂಡಳು.

“ಎರಡ್ ಕೈ ಮಾತಾಡ್ವಾಗ ಮೂರ್ನೇ ಕೈ ಆಕ್ಬಾರ್ದು. ನೀನೇ ಏಳ್ಕೊಟ್ಟಿದ್ದು.”

ಶುಕ್ರವಾರ ಚಿತ್ತಿಯೇ ಹೋದಳು. ಇಡೀ ದಿನ ಹತ್ತಾರು ಕಾಗದಕ್ಕೆ ಸಹಿ ಹಾಕಿದ ನಾನು, ಮನೆಗೆ ಬಂದು ಮಗಳ ಅಂಕಪಟ್ಟಿ ಬಿಡಿಸಿದರೆ, ಪೋಷಕರ ಸಹಿಯ ಜಾಗದಲ್ಲಿ ಚಿತ್ತಿಯ ವಕ್ರ ಅಕ್ಷರ. ಆ ವಕ್ರ ಅಕ್ಷರಕ್ಕೆ ನನ್ನ ಸೀಲು, ಕುರ್ಚಿ ಎಲ್ಲವನ್ನೂ ಬದಲಿಗೆ ಕೊಡಬಲ್ಲೆ ಅನ್ನಿಸಿತು. ಚಿತ್ತಿಯ ಮುಖ ನೋಡದೆ ಎರಡು ದಿನ ಕಳೆದೆ.

ಮೂರನೇ ದಿನ ಫೋನು ಆಫ್ ಮಾಡಿ, ಹಳೆಯ ಸಂತೆ ಟವಲನ್ನು ಕೈಮೇಲೆ ಹಾಸಿಕೊಂಡು ಜಗಲಿಯಲ್ಲಿ ಕೂತೆ. ಮಗಳನ್ನು ಕರೆಯಲಿಲ್ಲ. ಮಗಳು ಹೋಂವರ್ಕು ಮುಗಿಸಿ, ಜಡೆ ಹಾಕಿಸಿಕೊಂಡು, ಸುಮಾರು ಹೊತ್ತಾದ ಮೇಲೆ ಬಂದು ಕೈ ತೂರಿಸಿದಳು.

“ಸಂಜೆ,” ಎಂದಷ್ಟೇ ಹೇಳಿ ನನ್ನ ನಾಲ್ಕು ಬೆರಳು ಹಿಡಿದಳು. ನಾನು ಅವಳ ಎರಡು ಬೆರಳು ಹಿಡಿದೆ. ಅವಳ ಕೈ ಸಡಿಲವಾಯಿತು. ಎದ್ದುಹೋಗುವ ಗಿರಾಕಿಯ ಕೈ ನನಗೆ ಗೊತ್ತು. ಇನ್ನೊಂದು ಬೆರಳು ಹಿಡಿದೆ. ವಾರಕ್ಕೆ ಮೂರು ಸಂಜೆಗೆ ಇತ್ಯರ್ಥವಾಯಿತು.

ಮಿಕ್ಕ ನಾಲ್ಕು ಸಂಜೆ ಇವತ್ತಿಗೂ ಚಿತ್ತಿಯದೇ. ಆ ನಾಲ್ಕರ ಮೇಲೆ ನನ್ನ ಹೊಟ್ಟೆಕಿಚ್ಚು ಆರಿಲ್ಲ.

ನೀವೂ ಕುರ್ಚಿ ಹಿಡಿಯುವವರಾದರೆ ಕೇಳಿ. ಸಭೆಗಳ ದಿನ ಗೊತ್ತುಮಾಡುವ ಮುಂಚೆ ಮನೆಯ ಸಂಜೆಗಳನ್ನು ಡೈರಿಯಲ್ಲಿ ಬರೆದುಬಿಡಿ, ಆಮೇಲೆ ಜಾಗ ಸಿಗುವುದಿಲ್ಲ. ನಿಮ್ಮ ಮಗುವಿಗೆ ಜಡೆ ಹಾಕುವವಳ ಮೇಲೆ ಉರಿದುಕೊಳ್ಳಿ, ಆದರೆ ಅವಳ ಕೈ ಬಿಡಿಸಲು ಹೋಗಬೇಡಿ. ಸೈಕಲಿನ ಆಸೆ ತೋರಿಸಬೇಡಿ. ಟವಲು ಹಾಸಿ ಕೂತಿರಿ. ಮೊದಲ ಬೆರಳು ಮಗುವೇ ಹಿಡಿಯಲಿ.